ನಲವತ್ತೆರಡು ಪುಸ್ತಕಗಳಿಂದ ನಾನು ಉಜ್ಜಿ ತೆಗೆದ ಹೆಸರು

ಸಿಂದಗಿಯಲ್ಲಿ ನನ್ನದೊಂದು ಔಷಧಿ ಅಂಗಡಿ. ಹೀಗಾಗಿ ಸ್ಪಿರಿಟ್ಟಿಗೂ ಹತ್ತಿಗೂ ನನಗೆ ಎಂದೂ ಕೊರತೆಯಿಲ್ಲ. ಜನರ ಗಾಯ ಒರೆಸಲು ಇರುವ ಈ ಎರಡು ವಸ್ತುಗಳಿಂದ ನಾನು ಹನ್ನೊಂದು ವರ್ಷ ಏನು ಮಾಡಿದೆ ಎಂದು ಹೇಳಿದರೆ ನೀವು ಮುಖಕ್ಕೆ ಉಗುಳಬಹುದು, ಆದರೂ ಹೇಳಿಬಿಡುತ್ತೇನೆ. ಹಳೆಯ ಪತ್ತೇದಾರಿ ಚಿತ್ರಕಥೆಯ ಪುಸ್ತಕಗಳನ್ನು ಹುಡುಕಿ ತಂದು, ಅವುಗಳ ಮೇಲೆ ಯಾರೋ ಪೆನ್ನಿನಿಂದ ಬರೆದಿದ್ದ ಹೆಸರನ್ನು ಉಜ್ಜಿ ಉಜ್ಜಿ ತೆಗೆಯುತ್ತಿದ್ದೆ. ಒಂದಲ್ಲ ಎರಡಲ್ಲ, ನಲವತ್ತೆರಡು ಪುಸ್ತಕ. ಎಲ್ಲದರಲ್ಲೂ ಅದೇ ಹೆಸರು, ಅದೇ ಮೂಲೆ, ಅದೇ ನೀಲಿ ಶಾಯಿ. ಅದು ಆ ಚಿತ್ರಗಳನ್ನು ಬರೆದ ಮನುಷ್ಯನದೇ ಹೆಸರು ಎಂದು ಖಾತ್ರಿಯಾದದ್ದು ಹೋದ ವರ್ಷ, ಅವರ ಮಗಳು ನಮ್ಮೆದುರು ಬಂದು ನಿಂತಾಗ.

ನಮ್ಮದೊಂದು ಬಳಗವಿದೆ. ಏಳು ಜನ, ಎಲ್ಲರೂ ಐವತ್ತು ದಾಟಿದವರು, ಮನೆಯಲ್ಲಿ ಯಾರೂ ನಮ್ಮ ಮಾತು ಕೇಳುವುದಿಲ್ಲವಾದ್ದರಿಂದ ತಿಂಗಳಿಗೊಮ್ಮೆ ಇಂಡಿ ಊರಿನ ವಕೀಲರೊಬ್ಬರ ಕೋಣೆಯಲ್ಲಿ ಸೇರಿ ಒಬ್ಬರ ಮಾತನ್ನು ಒಬ್ಬರು ಕೇಳಿದಂತೆ ನಟಿಸುತ್ತೇವೆ. ವಕೀಲರೇ ನಮ್ಮ ಮುಖಂಡರು. ನಾವು ಹುಡುಗರಾಗಿದ್ದಾಗ ಬಸ್ ಸ್ಟ್ಯಾಂಡಿನ ಪಕ್ಕದ ಅಂಗಡಿಗಳಲ್ಲಿ ಬಾಡಿಗೆಗೆ ಸಿಗುತ್ತಿದ್ದ ಚಿತ್ರಕಥೆಗಳೇ ನಮ್ಮ ವಿಷಯ. ತೆಳ್ಳಗಿನ ಪುಸ್ತಕ, ಒರಟು ಕಾಗದ, ರಕ್ತಕ್ಕೆ ಮಾತ್ರ ಕೆಂಪು ಬಣ್ಣ. ಒಂದರಲ್ಲಿ ಸಾವುಕಾರನ ಹೆಣ ಅರಳೆಯ ಗಂಟಿನಿಂದ ಹೊರಬೀಳುತ್ತದೆ. ಇನ್ನೊಂದರಲ್ಲಿ ಮದುಮಗನೇ ಬಾಸಿಂಗ ಕಟ್ಟಿಕೊಂಡು ಸಾಯುತ್ತಾನೆ. ಪತ್ತೇದಾರ ಮಾತ್ರ ಎಂಥ ಬಿಸಿಲಿನಲ್ಲೂ ಉಣ್ಣೆಯ ಕೋಟು ಬಿಚ್ಚುವುದಿಲ್ಲ, ಬೆವರುವುದೂ ಇಲ್ಲ. ನಮ್ಮ ಕಡೆಯ ಏಪ್ರಿಲ್ ನೋಡಿದವರು ಅವನ ಬುದ್ಧಿಯನ್ನು ಅಲ್ಲೇ ಅಳೆಯಬಹುದಿತ್ತು, ಆದರೆ ನಾವು ಅಳೆಯಲಿಲ್ಲ.

ಈ ಪುಸ್ತಕಗಳ ಮೇಲೆ ಕಥೆ ಬರೆದವನ ಹೆಸರಿತ್ತು, ಪ್ರೆಸ್ಸಿನ ಹೆಸರಿತ್ತು, ಸೋಪಿನ ಜಾಹೀರಾತಿತ್ತು. ಚಿತ್ರ ಬರೆದವನ ಹೆಸರು ಮಾತ್ರ ಎಲ್ಲೂ ಇರಲಿಲ್ಲ. ಸರಿ, ವಕೀಲರಿಗೆ ಅಷ್ಟು ಸಾಕಾಯಿತು. ಇದು ಮುಂಬಯಿಯಲ್ಲಿ ಕಲಿತ ದೊಡ್ಡ ಕಲಾವಿದನೊಬ್ಬನ ಕೈ ಎಂದು ಅವರು ತೀರ್ಮಾನ ಕೊಟ್ಟರು. ನೆರಳು ನೋಡಿರಿ, ಗೆರೆ ನೋಡಿರಿ ಎಂದರು. ನಾವು ನೋಡಿದೆವು. ಮುಂಬಯಿಯ ಬೀದಿ ಎಂದು ಬರೆದಿದ್ದ ಚಿತ್ರದ ಹಿಂದೆ ಕೋಡಿಗೆ ಬಣ್ಣ ಬಳಿದ ಎತ್ತೊಂದು ನಿಂತಿತ್ತು, ಅದರ ಪಕ್ಕದಲ್ಲಿ ಜೋಳದ ಕಣಕಿಯ ಬಣವೆ. ಅದು ಸಂಕೇತ ಎಂದರು ವಕೀಲರು. ಯಾವುದರ ಸಂಕೇತ ಎಂದು ಕೇಳುವ ಎದೆಗಾರಿಕೆ ಯಾರಿಗೂ ಇರಲಿಲ್ಲ, ನಾನಂತೂ ತಲೆಯಾಡಿಸಿ ಚಾ ಕುಡಿದೆ.

ನನ್ನ ಕೆಲಸ ಪುಸ್ತಕ ತೊಳೆಯುವುದು. ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಶಾಯಿಯ ಮೇಲೆ ಒತ್ತಬೇಕು, ಎಳೆಯಬಾರದು. ಆಮೇಲೆ ಸೀಮೆಸುಣ್ಣದ ಪುಡಿ, ಆಮೇಲೆ ಹಿಂಬದಿಯಿಂದ ಬೆಚ್ಚಗಿನ ಇಸ್ತ್ರಿ. ಪೆನ್ನು ಒತ್ತಿದ ಗುಣಿಯೂ ಉಳಿಯಬಾರದು. ಬಳಗದವರೆಲ್ಲ ತಮ್ಮ ಪುಸ್ತಕಗಳನ್ನು ನನಗೇ ತಂದು ಕೊಡುತ್ತಿದ್ದರು, ನಾನು ಹೊಸ ಮದುಮಗಳ ಹಾಗೆ ಮಾಡಿ ಪ್ಲಾಸ್ಟಿಕ್ ಚೀಲದಲ್ಲಿ ತಿರುಗಿ ಕೊಡುತ್ತಿದ್ದೆ. ಒಮ್ಮೆ ಚೀಲದೊಳಗೆ ಹೋದ ಪುಸ್ತಕವನ್ನು ಮತ್ತೆ ತೆರೆಯಬಾರದು ಎಂಬುದು ನಮ್ಮ ನಿಯಮ. ನಿಜ ಹೇಳಬೇಕೆಂದರೆ ಅರ್ಧಕ್ಕರ್ಧ ಪುಸ್ತಕಗಳಲ್ಲಿ ಕೊಲೆಗಾರ ಯಾರು ಎಂಬುದೇ ನಮಗೆ ಗೊತ್ತಿರಲಿಲ್ಲ.

ಗೊತ್ತಿದ್ದವರು ಒಬ್ಬರೇ, ಹೊರ್ತಿಯಲ್ಲಿ ಹಿಟ್ಟಿನ ಗಿರಣಿ ನಡೆಸುವವರು, ನಾವೆಲ್ಲ ಚಾಚಾ ಎಂದು ಕರೆಯುತ್ತಿದ್ದವರು. ಮೊದಲು ನಾವು ಎಂಟು ಜನ ಇದ್ದೆವು. ಚಾಚಾ ಮಿರ್ಚಿ ಭಜಿ ತಿಂದ ಕೈಯಲ್ಲೇ ಪುಟ ತಿರುವುತ್ತಿದ್ದರು, ಬೆರಳನ್ನು ನಾಲಿಗೆಗೆ ಹಚ್ಚುತ್ತಿದ್ದರು, ಸಾಯುವವನ ಮಾತನ್ನು ಸಾಯುವವನ ದನಿಯಲ್ಲೇ ಓದುತ್ತಿದ್ದರು. ಒಂದು ಸಭೆಯಲ್ಲಿ ವಕೀಲರು ಅರಳೆ ಗಂಟಿನ ಪುಸ್ತಕದ ನೆರಳುಗಳ ಬಗ್ಗೆ ಮುಕ್ಕಾಲು ತಾಸು ಮಾತಾಡಿದ ಮೇಲೆ ಚಾಚಾ, ಅದೆಲ್ಲ ಇರಲಿ, ಕೊಂದವನು ಸಾವುಕಾರನ ಮುನೀಮ, ಗೊತ್ತಲ್ಲ ಎಂದುಬಿಟ್ಟರು. ವಕೀಲರ ಮುಖ ಹುಳ್ಳಗಾಯಿತು. ಪುಸ್ತಕಗಳನ್ನು ಹೊಲಸು ಮಾಡುತ್ತಾರೆ ಎಂಬ ಕಾರಣ ಕೊಟ್ಟು ಅವರನ್ನು ಬಳಗದಿಂದ ತೆಗೆದೆವು. ಆ ಠರಾವನ್ನು ಬರೆದವನು ನಾನೇ, ಅಕ್ಷರ ಚಂದ ಎಂದು.

ಹೋದ ವರ್ಷ ಧಾರವಾಡದ ಪ್ರಕಾಶಕರೊಬ್ಬರು ಈ ಹಳೆಯ ಚಿತ್ರಕಥೆಗಳನ್ನೆಲ್ಲ ಒಂದು ದೊಡ್ಡ ಸಂಪುಟವಾಗಿ ತರುವುದಾಗಿ ಹೇಳಿ, ಪುಸ್ತಕಗಳನ್ನು ನಮ್ಮಿಂದ ಎರವಲು ಕೇಳಿದರು. ಮುನ್ನುಡಿ ವಕೀಲರದು. ಅದರಲ್ಲಿ ಅವರು ಮುಂಬಯಿಯ ಅಜ್ಞಾತ ಕಲಾವಿದನ ಬಗ್ಗೆ ಹದಿನಾರು ಪುಟ ಬರೆದರು. ಇಷ್ಟು ಗೊತ್ತಿಲ್ಲದ ಮನುಷ್ಯನ ಬಗ್ಗೆ ಅಷ್ಟು ಬರೆಯುವುದು ವಕೀಲರಿಗೇ ಸಾಧ್ಯ. ಬರೆದದ್ದನ್ನು ಸುಮ್ಮನೆ ಇಟ್ಟುಕೊಳ್ಳಲಾರದೆ ವಾಟ್ಸಾಪಿನಲ್ಲಿ ಊರಿಗೆಲ್ಲ ಹಂಚಿದರು. ಅದು ಹೇಗೋ ಮುದ್ದೇಬಿಹಾಳದ ಶಾಲೆಯೊಂದರ ಟೀಚರ್ ಕೈಗೆ ಸಿಕ್ಕಿತು. ಮುಂದಿನ ಸಭೆಗೆ ಅವರು ಎರಡು ಬಸ್ಸು ಬದಲಿಸಿ ಇಂಡಿಗೆ ಬಂದರು.

ಆ ಚಿತ್ರಗಳನ್ನು ಬರೆದವರು ತಮ್ಮ ತಂದೆ ಎಂದರು ಟೀಚರ್. ತಂದೆ ಬಸವನ ಬಾಗೇವಾಡಿಯಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದರಂತೆ. ಹಗಲೆಲ್ಲ ಕಿರಾಣಿ, ಕಟಿಂಗ್ ಶಾಪು. ಸಂಜೆಯಾದ ಮೇಲೆ ಕೊಲೆಗಳು. ಬರೆದ ಚಿತ್ರಗಳನ್ನು ಅಂಚೆಯಲ್ಲಿ ಪ್ರೆಸ್ಸಿಗೆ ಕಳಿಸಿದರೆ ಅವು ತಿರುಗಿ ಬರುತ್ತಿರಲಿಲ್ಲ, ಪುಸ್ತಕದಲ್ಲಿ ಹೆಸರೂ ಬರುತ್ತಿರಲಿಲ್ಲ. ಅವರಿಗೆ ಈಗ ಎಂಬತ್ತರ ಮೇಲಾಗಿದೆ, ಆ ಸಂಪುಟದಲ್ಲಿ ತಮ್ಮ ಹೆಸರು ಅಚ್ಚಾದದ್ದನ್ನು ನೋಡಬೇಕು ಎಂಬುದೊಂದೇ ಆಸೆ, ಪ್ರಕಾಶಕರಿಗೆ ಕೇಳಿದರೆ ನಿಮ್ಮ ಬಳಗದವರು ಒಪ್ಪಲಿ ಎನ್ನುತ್ತಾರೆ ಎಂದರು. ಅಲ್ಲಿಯವರೆಗೂ ನಾನು ಆರಾಮಾಗಿ ಕೂತಿದ್ದೆ. ವಕೀಲರು ಕನ್ನಡಕ ತೆಗೆದು, ದಾಖಲೆ ಏನಿದೆ ಎಂದು ಕೇಳಿದರು.

“ದಾಖಲಿ ನಿಮ್ಮ ಹತ್ರಾನ ಐತ್ರಿ,” ಎಂದರು ಟೀಚರ್. “ಪ್ರೆಸ್ಸಿನವ್ರು ಹೆಸರು ಹಾಕ್ತಿರಲಿಲ್ಲ. ಅದಕ್ಕ ನಮ್ಮಪ್ಪ ಬಾಡಗಿ ಪುಸ್ತಕದ ಅಂಗಡಿಗೆ ಹೋಗಿ ಅವರ ಬೋರ್ಡ ಪುಕ್ಕಟೆ ಬರದು ಕೊಡ್ತಿದ್ರು. ಅದರ ಬದಲಿ ಒಂದೊಂದು ಪುಸ್ತಕದ ಮೊದಲನೇ ಪುಟದಾಗ, ಕೆಳಗ ಬಲಕ್ಕ, ತಮ್ಮ ಹೆಸರು ತಾವ ಬರೀತಿದ್ರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ನಾಕೂ ಊರಾಗ. ನಿಮ್ಮ ಪುಸ್ತಕ ಒಮ್ಮಿ ತಗದು ನೋಡ್ರಿ.”

ಅವರು ತಂದೆಯ ಹೆಸರು ಹೇಳಿದರು, ಹೇಳುವ ಅಗತ್ಯವಿರಲಿಲ್ಲ, ನನಗೆ ಅದರ ಒಂದೊಂದು ಅಕ್ಷರದ ತಿರುವೂ ಗೊತ್ತಿತ್ತು. ವಕೀಲರು ಒಂದು ಕ್ಷಣ ನನ್ನ ಮುಖ ನೋಡಿ ಆಮೇಲೆ ಫ್ಯಾನು ನೋಡತೊಡಗಿದರು. ಧಾರವಾಡಕ್ಕೆ ಕಳಿಸಲೆಂದು ಅಲ್ಲೇ ಕೂಡಿಸಿಟ್ಟಿದ್ದ ಚೀಲಗಳನ್ನು ಬಿಚ್ಚಿದೆವು. ಒಂದೊಂದೇ ಮೊದಲ ಪುಟ ಬೆಳ್ಳಗೆ, ನುಣ್ಣಗೆ, ನನ್ನ ಕೈಚಳಕಕ್ಕೆ ಸಾಕ್ಷಿಯಾಗಿ ಹೊರಬಂತು. ಟೀಚರ್ ಎಲ್ಲ ಪುಸ್ತಕಗಳ ಬಲಮೂಲೆಯನ್ನೂ ಬೆರಳಿನಿಂದ ಸವರಿ ನೋಡಿದರು. ಎಲ್ಲೂ ಇಲ್ಲವಲ್ಲ ಎಂದು ತಮಗೆ ತಾವೇ ಹೇಳಿಕೊಂಡರು. ದಾಖಲೆ ಸಿಕ್ಕರೆ ಖಂಡಿತ ನೋಡೋಣ ಎಂದು ವಕೀಲರು ಕೋರ್ಟಿನ ದನಿಯಲ್ಲಿ ಹೇಳಿ ಕೈ ಮುಗಿದರು. ನಾನೇ ಉಜ್ಜಿದೆ ಎಂಬ ಎರಡು ಶಬ್ದ ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಹೇಳುವ ಬದಲು ಪುಸ್ತಕಗಳನ್ನು ತಿರುಗಿ ಚೀಲಕ್ಕೆ ತುಂಬತೊಡಗಿದೆ.

ಆ ವಾರವೆಲ್ಲ ಅಂಗಡಿಯಲ್ಲಿ ಸ್ಪಿರಿಟ್ಟಿನ ಬಾಟಲಿ ಕಂಡರೆ ಸಿಡಿಮಿಡಿಯಾಗುತ್ತಿತ್ತು. ಕೆಮ್ಮಿನ ಔಷಧಿ ಕೇಳಿದವರಿಗೆ ಹೊಟ್ಟೆನೋವಿನದು ಕೊಟ್ಟು ಬೈಸಿಕೊಂಡೆ. ತೊಳೆಯದ ಪುಸ್ತಕವೊಂದು ಎಲ್ಲಾದರೂ ಉಳಿದಿದ್ದರೆ ಆ ಮುದುಕರ ಹೆಸರು ಅಚ್ಚಾಗುತ್ತದೆ, ನನ್ನ ಮಾನವೂ ಉಳಿಯುತ್ತದೆ ಎಂದು ಲೆಕ್ಕ ಹಾಕಿದೆ. ಎರಡರಲ್ಲಿ ಯಾವುದಕ್ಕೆ ಹೆಚ್ಚು ತಳಮಳಿಸಿದೆ ಎಂದು ಕೇಳಬೇಡಿ. ನನ್ನ ಕೈಗೆ ಸಿಗದೆ ಉಳಿದ ಪುಸ್ತಕಗಳು ಈ ಭೂಮಿಯ ಮೇಲೆ ಒಬ್ಬರ ಹತ್ತಿರ ಮಾತ್ರ ಇದ್ದವು. ಭಾನುವಾರ ಹೊರ್ತಿಯ ಬಸ್ಸು ಹತ್ತಿದೆ.

ಚಾಚಾ ಗಿರಣಿಯಲ್ಲಿದ್ದರು, ಹುಬ್ಬಿನವರೆಗೆ ಜೋಳದ ಹಿಟ್ಟು. ನನ್ನನ್ನು ಕಂಡು, ಬರ್ರಿ ಡಾಕ್ಟರ್ ಸಾಹೇಬ್ರ, ಯಾವ ಪುಸ್ತಕಕ್ಕ ಜ್ವರ ಬಂದೈತಿ ಎಂದರು. ಚಾ ತರಿಸಿದರು, ಮಂಡಾಳ ತರಿಸಿದರು, ನಾವು ಹೊರಹಾಕಿದ ವಿಷಯ ಒಮ್ಮೆಯೂ ಎತ್ತಲಿಲ್ಲ. ಎತ್ತಿ ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ನಾನು ಸುತ್ತಿ ಬಳಸಿ, ಸಂಶೋಧನೆಗೆಂದು, ಒಂದು ದಿನಕ್ಕೆಂದು ಏನೇನೋ ಒದರಿದೆ. ಅವರು ಕೇಳಿಸಿಕೊಳ್ಳುತ್ತಲೇ ಒಳಗೆ ಹೋಗಿ ಅರಳೆ ಗಂಟಿನ ಕೊಲೆಯ ಪುಸ್ತಕ ತಂದರು. ಬೆನ್ನು ಹರಿದು ದಾರದಿಂದ ಹೊಲಿದದ್ದು, ಎಣ್ಣೆಯ ಕಲೆ, ಮನೆಯ ಹುಡುಗರೆಲ್ಲ ಓದಿ ಓದಿ ಮೆತ್ತಗಾದ ಪುಟಗಳು. ಮೊದಲ ಪುಟದ ಬಲಮೂಲೆಯಲ್ಲಿ ನೀಲಿ ಶಾಯಿಯ ಹೆಸರು ಹಾಗೇ ಇತ್ತು, ಕೆಳಗೆ ಬಾಡಿಗೆ ಅಂಗಡಿಯ ಠಸ್ಸೆ.

“ತೊಗೊಂಡ್ ಹೋಗ್ರಿ, ಆದ್ರ ಉಜ್ಜಬ್ಯಾಡ್ರಿ,” ಎಂದರು ಚಾಚಾ.

ಅವರಿಗೆ ಎಲ್ಲವೂ ಗೊತ್ತಿತ್ತು. ಟೀಚರ್ ಹಿಂದಿನ ದಿನವೇ ಅವರಿಗೆ ಫೋನ್ ಮಾಡಿದ್ದರಂತೆ, ಬಳಗದಲ್ಲಿ ಮೊದಲು ಎಂಟು ಜನ ಇದ್ದರೆಂದು ಎಲ್ಲೋ ಓದಿ. ಆದರೂ ನಾನು ಬಂದು ಏನು ಹೇಳುತ್ತೇನೋ ನೋಡೋಣ ಎಂದು ಪುಸ್ತಕವನ್ನು ತಡೆದಿಟ್ಟಿದ್ದರು. ನಾನು ಹೇಳಿದ್ದನ್ನು ನೀವೇ ಕೇಳಿದಿರಿ.

ಆ ಒಂದು ಪುಟದ ಫೋಟೋ ಧಾರವಾಡಕ್ಕೆ ಹೋಯಿತು, ಪ್ರಕಾಶಕರು ಹೆಸರು ಹಾಕಲು ಒಪ್ಪಿದರು. ವಕೀಲರು ಹದಿನಾರು ಪುಟ ಹರಿದುಹಾಕಿ ಎರಡೇ ದಿನದಲ್ಲಿ ಇಪ್ಪತ್ತು ಪುಟ ಹೊಸದಾಗಿ ಬರೆದರು. ನಮ್ಮ ಬಳಗದ ದೀರ್ಘ ಶೋಧದ ಫಲವಾಗಿ ಈ ಮಣ್ಣಿನ ಮಹಾನ್ ಕಲಾವಿದರು ಪತ್ತೆಯಾದರು ಎಂಬುದು ಮೊದಲ ಸಾಲು. ಎತ್ತು, ಬಣವೆ ಈಗ ಸಂಕೇತವಲ್ಲ, ನಿರ್ಣಾಯಕ ಪುರಾವೆ. ಕಲಾವಿದರಿಗೆ ಸನ್ಮಾನ ಮಾಡಬೇಕೆಂದೂ ಠರಾಯಿಸಿದೆವು. ಹೋಗುವ ದಿನ ವಕೀಲರಿಗೆ ಕೇಸು ಬಂತು, ಉಳಿದವರಿಗೆ ಒಬ್ಬೊಬ್ಬರಿಗೆ ಒಂದೊಂದು ಮದುವೆ ಬಂತು. ಶಾಲು, ತೆಂಗಿನಕಾಯಿ, ಒಂದು ಡಜನ್ ಬಾಳೆಹಣ್ಣು ಹಿಡಿದು ಬಾಗೇವಾಡಿಗೆ ಹೋದವನು ನಾನೊಬ್ಬನೇ.

ಮುದುಕರು ಪಡಸಾಲೆಯಲ್ಲಿ ಹೊರಸಿನ ಮೇಲೆ ಕೂತಿದ್ದರು. ಕಣ್ಣುಗಳು ಇನ್ನೂ ಚುರುಕಾಗಿದ್ದವು. ಫೋಟೋ ತೆಗೆದ ಮೇಲೆ ನಾನು ಟೀಚರಿಗೆ ಕಳಿಸಿದ್ದ ಚಾಚಾನ ಪುಸ್ತಕ ಅವರ ತೊಡೆಯ ಮೇಲಿತ್ತು. ಶಾಲು ಹೊದಿಸಿದೆ, ಕಲೆಯ ಬಗ್ಗೆ ನಾಲ್ಕು ಮಾತು ಆಡಿದೆ. ಅವರು ಪುಟಗಳನ್ನು ಮುಟ್ಟುತ್ತ, ಇದನ್ನು ಬಹಳ ಮಂದಿ ಓದ್ಯಾರ ನೋಡ್ರಿ ಎಂದು ಖುಷಿಪಟ್ಟರು. ಆಮೇಲೆ, ತಾವು ನೂರಾರು ಪುಸ್ತಕಗಳಲ್ಲಿ ಹೆಸರು ಬರೆದಿದ್ದು, ಉಳಿದದ್ದು ಇದೊಂದೇ ಏನು ಎಂದು ಕೇಳಿದರು. ಚಾ ತರುತ್ತಿದ್ದ ಟೀಚರ್ ಬಾಗಿಲಲ್ಲೇ ನಿಂತರು. ಇನ್ನು ಸುಳ್ಳು ಹೇಳಲು ನನ್ನಲ್ಲಿ ತ್ರಾಣವಿರಲಿಲ್ಲ. ಸ್ಪಿರಿಟ್ಟು, ಹತ್ತಿ, ಇಸ್ತ್ರಿ, ನಲವತ್ತೆರಡು, ಎಲ್ಲ ಹೇಳಿದೆ. ಓದುಗರ್ಯಾರೋ ಗೀಚಿದ್ದು ಎಂದುಕೊಂಡಿದ್ದೆ ಎಂದೆ.

ಅವರು ಬೈಯಲಿಲ್ಲ. ತೊಡೆಯ ಮೇಲಿನ ಪುಸ್ತಕದ ಮೊದಲ ಪುಟ ತೆರೆದು ಹೆಸರಿನ ಮೇಲೆ ಬೆರಳಿಟ್ಟರು.

“ನಲವತ್ತೆರಡರಾಗೂ ಅದ ಹೆಸರು, ಅದ ಮೂಲಿ. ನೀವು ಪತ್ತೇದಾರಿ ಪುಸ್ತಕ ಕೂಡಿಸವ್ರು. ಇವ ಯಾರಿದ್ದಾನು ಅಂತ ಒಮ್ಮಿಯಾದ್ರೂ ಮನಸಿಗಿ ಬರಲಿಲ್ಲೇನ್ರಿ?”

ಬಂದಿತ್ತು. ಒಂಬತ್ತನೆಯದೋ ಹತ್ತನೆಯದೋ ಪುಸ್ತಕದ ಹೊತ್ತಿಗೆ ಬಂದಿತ್ತು. ಒಬ್ಬನೇ ಓದುಗ ನಾಲ್ಕು ಊರಿನ ಅಂಗಡಿಗಳಲ್ಲಿ ಒಂದೇ ಮೂಲೆಯಲ್ಲಿ ಯಾಕೆ ಬರೆಯುತ್ತಾನೆ ಎಂದು ಹತ್ತಿ ಹಿಡಿದ ಕೈ ಒಂದು ಗಳಿಗೆ ನಿಂತಿತ್ತು. ಇದು ಚಿತ್ರ ಬರೆದವನದೇ ಹೆಸರೆಂದಾದರೆ ಅದಾಗಲೇ ಉಜ್ಜಿದ್ದೆಲ್ಲ ಏನಾಯಿತು, ವಕೀಲರ ಮುಂಬಯಿ ಏನಾಯಿತು, ಬಳಗದಲ್ಲಿ ನನ್ನ ಮರ್ಯಾದೆ ಏನಾಯಿತು ಎಂದು ಯೋಚಿಸಿ, ಮುಂದಿನದನ್ನು ಇನ್ನಷ್ಟು ಜೋರಾಗಿ ಉಜ್ಜಿದ್ದೆ.

“ಬಂದಿತ್ರಿ,” ಎಂದೆ.

ಟೀಚರ್ ನನಗೆಂದು ತಂದಿದ್ದ ಚಾವನ್ನು ತಿರುಗಿ ಒಳಗೆ ಒಯ್ದರು.