ತಾರಿಬಾಗಿಲಿನ ಬೆಲ್ಲದ ಗರಟೆ

ಮೊನ್ನೆ ಹೊನ್ನಾವರದ ಬಸ್‌ಸ್ಟ್ಯಾಂಡಿನ ಎದುರು ಒಂದು ಹೋಟೆಲಿನಲ್ಲಿ ಕಾಫಿ ಕುಡಿದೆ. ಲೋಟದಲ್ಲಿ ಅರ್ಧ ನೊರೆ. ಉಳಿದರ್ಧಕ್ಕೆ ಹೋಟೆಲಿನವನು ಕೇಳಿದ ದುಡ್ಡು ಕಿವಿಗೆ ಬಿದ್ದರೆ ನನ್ನ ಅತ್ತೆ ಬಂಗಾರಿ ಮಸಣದಿಂದ ಎದ್ದು ಬಂದಾಳು. ಸಕ್ಕರೆ ಇನ್ನೊಂಚೂರು ಬೇಕಿತ್ತು ಎಂದೆ. ಮಾಣಿ ಕಾಗದದ ಸಣ್ಣ ಪೊಟ್ಟಣವೊಂದನ್ನು ಮೇಜಿನ ಮೇಲೆ ಎಸೆದು ಹೋದ. ಸಿಹಿಯನ್ನು ಕೇಳಿ ಪಡೆಯುವ ಕಾಲ ಬಂತಲ್ಲ ಎಂದು ಸಿಟ್ಟು ಬಂತು, ಅದರ ಹಿಂದೆಯೇ ಅತ್ತೆಯ ನೆನಪೂ ಬಂತು.

ಶರಾವತಿಗೆ ಆಗ ಸೇತುವೆ ಇರಲಿಲ್ಲ. ಕುಮಟೆಯಿಂದ ಬಂದ ಬಸ್ಸು ಹೊನ್ನಾವರದ ದಡದಲ್ಲಿ ಜನರನ್ನು ಇಳಿಸುತ್ತಿತ್ತು. ಅವರು ಗಂಟುಮೂಟೆ ಕಟ್ಟಿಕೊಂಡು ದೋಣಿಯಲ್ಲಿ ಹೊಳೆ ದಾಟಿ, ಆಚೆ ಕಾಸರಕೋಡಿನಲ್ಲಿ ಭಟ್ಕಳದ ಬಸ್ಸು ಹಿಡಿಯಬೇಕು. ಹೀಗೆ ಹೊಳೆ ದಾಟಿಸುವುದಕ್ಕೆ ನಮ್ಮಲ್ಲಿ ತಾರಿ ಎನ್ನುತ್ತಾರೆ, ದೋಣಿ ಹತ್ತುವ ಜಾಗಕ್ಕೆ ತಾರಿಬಾಗಿಲು. ಅಲ್ಲೇ ತೆಂಗಿನ ಗರಿಯ ಮಾಡಿನ ಕೆಳಗೆ ಅತ್ತೆಯ ಕಾಫಿ ಅಂಗಡಿ. ಮಾವ ತಾರಿ ದೋಣಿಯವನಾಗಿದ್ದ. ಅವನು ತೀರಿಕೊಂಡ ಮೇಲೆ ಅವಳು ಹೂಡಿದ ಒಲೆ ಅದು. ನಾನು ಭಟ್ಕಳದ ಮುಟ್ಟಳ್ಳಿಯವಳು, ಹೆಸರು ಗಣಪಿ. ಏಳನೇ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದವಳು ಎಂಬ ಜಂಬ ಹೊತ್ತುಕೊಂಡು ಆ ಮನೆಗೆ ಸೊಸೆಯಾಗಿ ಬಂದೆ. ಬಂದವಳ ಕೈಗೆ ಅತ್ತೆ ಲೋಟ ತೊಳೆಯುವ ಕೆಲಸ ಕೊಟ್ಟಳು.

ಅತ್ತೆಯ ಕಾಫಿಗೆ ಹಾಲಿಲ್ಲ, ಸಕ್ಕರೆಯಿಲ್ಲ. ಬೆಂಚಿನ ಮೇಲೆ ದೊಡ್ಡದೊಂದು ತೆಂಗಿನ ಗರಟೆ, ಅದರ ತುಂಬ ಒಡೆದ ಬೆಲ್ಲ. ಬಂದವರು ತಾವೇ ಒಂದು ಚೂರು ತೆಗೆದು ಬಾಯಿಗೆ ಹಾಕಿಕೊಂಡು, ಮೇಲಿಂದ ಬಿಸಿ ಕಾಫಿ ಗುಟುಕರಿಸಬೇಕು. ಚೂರು ಮುಗಿದರೆ ಇನ್ನೊಂದು. ಕೇಳಬೇಕಾಗಿಲ್ಲ, ಅದಕ್ಕೆ ಬೇರೆ ದುಡ್ಡೂ ಇಲ್ಲ. ಮನೆಗೆ ಬಂದವರಿಗೆ ಬೆಲ್ಲ ನೀರು ಕೊಡುವುದು ನಮ್ಮ ಕಡೆಯ ಪದ್ಧತಿ. ಅಂಗಡಿ ಇಟ್ಟರೂ ಅತ್ತೆ ಆ ಪದ್ಧತಿ ಬಿಟ್ಟಿರಲಿಲ್ಲ.

“ಕಾಫಿ ಮಾರ್ತೆ ನಾನು. ಬೆಲ್ಲ ಮಾರೂದಿಲ್ಲ” ಎನ್ನುತ್ತಿದ್ದಳು. ಹಲ್ಲೆಲ್ಲ ಉದುರಿದ ಬಾಯಿ. ಮಾತಾಡುವಾಗ ಕೆನ್ನೆ ಒಳಗೆ ಹೋಗಿ ಹೊರಗೆ ಬರುತ್ತಿತ್ತು. ಅವಳೂ ಬೆಳಗ್ಗೆ ಅಂಗಡಿ ತೆರೆದ ಕೂಡಲೇ ಒಂದು ಚೂರು ಬೆಲ್ಲವನ್ನು ಒಸಡಿನ ಸಂದಿಯಲ್ಲಿ ಇಟ್ಟುಕೊಂಡು ಕಾಫಿ ಕುಡಿಯುವಳು. ಆ ಹೊತ್ತಿನಲ್ಲಿ ಯಾರು ಮಾತಾಡಿಸಿದರೂ ಉತ್ತರವಿಲ್ಲ. ಇಡೀ ದಿನದಲ್ಲಿ ಅವಳಿಗೆ ಇದ್ದ ಸುಖ ಅದೊಂದೇ.

ಆಣೆ ಹೋಗಿ ನಯೇಪೈಸೆ ಬಂದಾಗ ಒಂದಾಣೆಗೆ ಆರೂಕಾಲು ಪೈಸೆ ಎಂದು ಸರಕಾರದ ಲೆಕ್ಕ. ಕಾಲು ಪೈಸೆಯ ನಾಣ್ಯವನ್ನು ಯಾರೂ ಕಂಡವರಿಲ್ಲ. ಬೇರೆ ಅಂಗಡಿಯವರು ಒಂದಾಣೆಯ ಕಾಫಿಗೆ ಏಳು ಪೈಸೆ ಮಾಡಿದರು. ಅತ್ತೆ ಆರು ಮಾಡಿದಳು.

“ಎಲ್ಲರೂ ಏಳು ತಕಂತ್ರು, ನಾವು ಮಾತ್ರ ಎಂತಕ್ಕೆ ಬಿಡೂದು?” ಎಂದು ನಾನು ಜಗಳ ತೆಗೆದೆ.

“ಆ ಕಾಲು ಪೈಸೆ ದಿಲ್ಲಿಯವ್ರು ಹುಟ್ಸಿದ್ದು. ಬೇಕಾದ್ರೆ ಅವ್ರೇ ಬಂದು ತಕಂಡು ಹೋಗ್ಲಿ” ಎಂದಳು. ದೋಣಿಗೆ ಕಾದಿದ್ದವರೆಲ್ಲ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ.

ಆಮೇಲಿನ ವರ್ಷಗಳಲ್ಲಿ ಬೆಲೆಗಳು ಏರಿದ್ದೇ ಏರಿದ್ದು. ಅಕ್ಕಿಗೆ ಸಾಲು, ಸೀಮೆಎಣ್ಣೆಗೆ ಸಾಲು, ಸಕ್ಕರೆಯಂತೂ ದೇವರ ದರ್ಶನವಾದಂತೆ. ಕಾಫಿಪುಡಿ ದುಬಾರಿಯಾದಾಗ ಅತ್ತೆ ಗದ್ದೆ ಬದಿಯ ತಗಟೆ ಗಿಡದ ಬೀಜ ಹುರಿದು ಪುಡಿಗೆ ಬೆರೆಸಿದಳು. ಕದ್ದುಮುಚ್ಚಿ ಅಲ್ಲ, “ಇವತ್ತು ಅರ್ಧ ಕಾಫಿ, ಅರ್ಧ ತಗಟೆ, ಬೇಕಾದವ್ರು ಕುಡೀರಿ” ಎಂದು ಕೂಗಿ ಹೇಳಿಯೇ ಕೊಡುತ್ತಿದ್ದಳು. ಬಸ್ಸಿನ ಪ್ರಯಾಣಿಕರು ಮುಖ ಹುಳಿ ಮಾಡಿ ಪಕ್ಕದ ಅಂಗಡಿಗೆ ಹೋದರು. ದಡದ ಮೇಲೆ ಮೂಟೆ ಹೊರುವ ಮಾಸ್ತಿ, ಹೊಳೆಯಲ್ಲಿ ಮುಳುಗಿ ಬಳಚು ಎಂಬ ಚಿಪ್ಪುಮೀನು ಹೆಕ್ಕಿ ಬುಟ್ಟಿಯಲ್ಲಿ ಮಾರುವ ಸುಬ್ಬಿ, ದೋಣಿಯವರು, ಕೂಲಿಯವರು ಮಾತ್ರ ನಮ್ಮಲ್ಲೇ ಉಳಿದರು. “ಊರಿಗೆ ಬಂದವ್ಳು ನೀರಿಗೆ ಬರದೇ ಇರ್ತಾಳ್ಯಾ, ಆ ಬಸ್ಸಿನವ್ರೂ ಬರ್ತ್ರು ನೋಡು” ಎಂದು ಅತ್ತೆ ನನ್ನನ್ನು ಸಮಾಧಾನ ಮಾಡಿದಳು. ಅವರು ಬರಲಿಲ್ಲ.

ರೂಪಾಯಿಯ ಬೆಲೆ ಇಳಿಸಿದರಂತೆ ಎಂಬ ಸುದ್ದಿ ಬಂದದ್ದು ಅರವತ್ತಾರರ ಮಳೆಗಾಲದ ಆರಂಭದಲ್ಲಿ. ದೋಣಿಯಲ್ಲಿ ದುಡಿಯುತ್ತಿದ್ದ ನನ್ನ ಗಂಡ, ಹೆಸರು ಶನಿಯಾರ, ಪೇಟೆಯ ರೇಡಿಯೋದಲ್ಲಿ ಕೇಳಿ ಬಂದು ಹೇಳಿದ. ಅತ್ತೆಗೆ ಅರ್ಥವೇ ಆಗಲಿಲ್ಲ. “ರೂಪಾಯಿ ಇಳದ್ರೆ ಬೆಲ್ಲ ಎಂತಕ್ಕೆ ಹತ್ತೂದಾ?” ಎಂದು ಮಗನನ್ನು ಕೇಳಿದಳು. ಅವನು ತಲೆ ಕೆರೆದುಕೊಂಡ. ಮುಲ್ಕಿ ಪಾಸಾದ ನನಗೂ ಹೇಳಲು ಬರಲಿಲ್ಲ. ದೀಪಾವಳಿ ಕಳೆಯುವ ಹೊತ್ತಿಗೆ ಕುಮಟೆಯ ಸಂತೆಯಲ್ಲಿ ಬೆಲ್ಲದ ಹತ್ತಿರ ಕೈ ಹಾಕುವಂತಿರಲಿಲ್ಲ.

ಕಾಫಿಯ ಬೆಲೆಯನ್ನು ಅತ್ತೆ ಆಗ ಏರಿಸಿದಳು, ಅದೂ ಒಂದು ವಾರ ಊಟ ಸೇರದೆ ನರಳಿ. ಆದರೆ ಗರಟೆಯನ್ನು ಮಾತ್ರ ಒಳಗಿಡಲಿಲ್ಲ. ಇದ್ದ ಪ್ರಶ್ನೆ ಅದೊಂದೇ: ಗರಟೆ ಉಳಿಯಬೇಕೋ, ಅಂಗಡಿ ಉಳಿಯಬೇಕೋ. ಎರಡೂ ಉಳಿಯುವ ಹಾಗಿಲ್ಲವೆಂದು ನನಗೆ ಖಾತ್ರಿಯಾಗಿತ್ತು.

“ಬೆಲ್ಲ ನಾವೇ ಪಾತ್ರೆಗೆ ಹಾಕಿ ಕರಡ್ವ ಅತ್ತೆ. ಎಷ್ಟು ಹಾಕೂದು ಅನ್ನೂದು ನಮ್ಮ ಕೈಯಲ್ಲಿರ್ತದೆ” ಎಂದೆ.

“ಬಂದವ್ರ ಬಾಯಿಗೆ ಎಷ್ಟು ಸಿಹಿ ಬೇಕು ಹೇಳಿ ನಾ ಅಳತೆ ಮಾಡೂದಾ? ನಾ ಸತ್ತ ಮೇಲೆ ಮಾಡು.”

ಅತ್ತೆಗೊಂದು ಕಾಲ ಸೊಸೆಗೊಂದು ಕಾಲ, ನನ್ನ ಕಾಲ ಬರಲಿ ಎಂದು ಹಲ್ಲು ಕಚ್ಚಿ ಲೋಟ ತೊಳೆದೆ.

ಆಶ್ಚರ್ಯವೆಂದರೆ, ಗರಟೆ ನಮ್ಮನ್ನು ಮುಳುಗಿಸಲಿಲ್ಲ. ಮೊದಲೆಲ್ಲ ಮಧ್ಯಾಹ್ನಕ್ಕೇ ಬರಿದಾಗುತ್ತಿದ್ದ ಗರಟೆಯಲ್ಲಿ ಈಗ ಸಂಜೆಯಾದರೂ ಬೆಲ್ಲ ಉಳಿಯತೊಡಗಿತು. ದಿನ ಹೋದಂತೆ ಹೆಚ್ಚು ಹೆಚ್ಚು ಉಳಿಯಿತು. ನನಗೆ ಹಿಗ್ಗೋ ಹಿಗ್ಗು. “ಕಾಣಿ ಅತ್ತೆ, ದೇವ್ರು ಕಣ್ಣು ಬಿಟ್ಟ” ಎಂದು ಗರಟೆ ತೋರಿಸಿದೆ. ಅತ್ತೆ ಅದನ್ನೇ ನೋಡುತ್ತ ಕುಳಿತಳು.

ಮರುದಿನ ಸುಬ್ಬಿ ಬಂದಳು. ನೀರಿನಿಂದ ಆಗಷ್ಟೇ ಎದ್ದವಳು, ಮೈಮೇಲಿನ ಸೀರೆಯೆಲ್ಲ ಒದ್ದೆ, ಚಳಿಗೆ ತುಟಿ ಕಪ್ಪಿಟ್ಟಿತ್ತು. ಮುಂಚೆ ಕೂತಲ್ಲೇ ಎರಡು ಮೂರು ಚೂರು ಮುಕ್ಕುವ ಹೆಂಗಸು. ಈಗ ಚೂರುಗಳನ್ನು ಮುಟ್ಟದೆ ಗರಟೆಯ ಅಂಚಿನ ಪುಡಿಗೆ ಬೆರಳು ಒತ್ತಿ, ನೆಕ್ಕಿ, ಕಾಫಿ ಕುಡಿದಳು.

“ಎಂತಾ ಸುಬ್ಬಿ, ನಮ್ಮನೆ ಬೆಲ್ಲ ಕಹಿ ಆತಾ?” ಅತ್ತೆ ಕೇಳಿದಳು.

“ಅಯ್ಯೋ ಇಲ್ವೇ ಬಂಗಾರಕ್ಕ. ಹಲ್ಲು ನೋವು.”

ಅವಳ ಹಿಂದೆ ಮಾಸ್ತಿ. ಮೂಟೆ ಇಳಿಸಿ, ಬೆವರು ಒರೆಸಿಕೊಂಡು, ಗರಟೆಯ ಕಡೆ ನೋಡದೆ ಲೋಟ ಎತ್ತಿದ. “ಒಂದು ಚೂರು ತಕಳಾ” ಎಂದಳು ಅತ್ತೆ. ಮಾಸ್ತಿ ಕೆನ್ನೆ ಹಿಡಿದುಕೊಂಡ. “ಬೇಡ ಮಾರಾಯ್ತಿ, ಹಲ್ಲು ನೋವು.”

ಆ ತಿಂಗಳು ತಾರಿಬಾಗಿಲಿಗೆಲ್ಲ ಹಲ್ಲು ನೋವು. ದೋಣಿಯವರಿಗೂ ಹಲ್ಲು ನೋವು, ಕೂಲಿ ಹೆಂಗಸರಿಗೂ ಹಲ್ಲು ನೋವು. ಸಂತೆಯಲ್ಲಿ ಬೆಲ್ಲದ ಬೆಲೆ ಏನೆಂದು ಅವರಿಗೆ ಗೊತ್ತಿರಲಿಲ್ಲವೇ? ಅಂಗಡಿ ಮುಚ್ಚಬಾರದು, ಬಂಗಾರಕ್ಕನ ಮಾತೂ ಕೆಳಗೆ ಬೀಳಬಾರದು ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳದೆಯೇ ಎಲ್ಲರೂ ಬಾಯಿ ಕಟ್ಟಿದ್ದರು. ನನಗೆ ಗರಟೆ ಕಂಡಿತ್ತು, ಅವರ ಮುಖ ಕಂಡಿರಲಿಲ್ಲ.

ಅತ್ತೆ ಆ ಸಂಜೆ ಒಲೆಯ ಮುಂದೆ ಕೂತು ಅತ್ತಳು. ಮಾವ ಸತ್ತಾಗಲೂ ಅಷ್ಟು ಅತ್ತಿರಲಿಲ್ಲವಂತೆ. “ಮೈ ಮುರ್ದು ಬಂದವ್ರು ನನ್ನ ಅಂಗ್ಡೀಲಿ ಕೂತು ಆಸೆ ನುಂಗೂದಾ? ಹೀಂಗೆ ಆದ್ರೆ ಆ ಗರಟೆ ಎಂತಕ್ಕೆ?” ಎಂದಳು.

ಮರುದಿನ ಬೆಳಗ್ಗೆ ಬೆಂಚಿನ ಮೇಲೆ ಗರಟೆ ಇರಲಿಲ್ಲ. ಅತ್ತೆ ಬೆಲ್ಲವನ್ನೆಲ್ಲ ತಾನೇ ಕಾಫಿ ಪಾತ್ರೆಗೆ ಸುರಿದು ಕರಡಿದಳು. ನಾನು ಹೇಳಿದಂತೆಯೇ ಮಾಡಿದಳು ಅನ್ನಿ. ಆದರೆ ನಾನಾಗಿದ್ದರೆ ಹಾಕುತ್ತಿದ್ದುದರ ಇಮ್ಮಡಿ ಹಾಕಿದಳು. ಮಾಸ್ತಿ ಒಂದು ಗುಟುಕು ಕುಡಿದು ಲೋಟವನ್ನೇ ನೋಡಿದ. ಸುಬ್ಬಿ ಕಣ್ಣು ಮುಚ್ಚಿಕೊಂಡು ಕೊನೆಯ ಹನಿಯವರೆಗೂ ಕುಡಿದಳು.

“ಎಂತಾ, ಹಲ್ಲು ನೋವು ಹೋತಾ?” ಅತ್ತೆ ಗದರಿದಳು. ಇಬ್ಬರೂ ತಲೆ ತಗ್ಗಿಸಿ ನಕ್ಕರು.

ಹಾಗೆ ಕಷ್ಟದಲ್ಲೇ ಅಂಗಡಿ ನಡೆಯಿತು. ಬೆಲ್ಲ ಎಲ್ಲಿಂದ ಸರಿದೂಗುತ್ತದೆ ಎಂದು ನನಗೆ ತಿಳಿಯುತ್ತಿರಲಿಲ್ಲ. ಒಂದು ಬೆಳಿಗ್ಗೆ ನಾನು ಬೇಗ ಅಂಗಡಿಗೆ ಹೋದೆ. ಅತ್ತೆ ಪಾತ್ರೆಗೆ ಬೆಲ್ಲ ಹಾಕುವ ಮೊದಲೇ ತನ್ನ ಲೋಟಕ್ಕೆ ಕಾಫಿ ಬಗ್ಗಿಸಿಕೊಂಡು ಕುಡಿಯುತ್ತಿದ್ದಳು. ಬರೀ ಕಹಿ ಕಾಫಿ, ಅದರಲ್ಲೂ ಅರ್ಧ ತಗಟೆ. ಒಸಡಿನ ಸಂದಿಯಲ್ಲಿ ಏನೂ ಇರಲಿಲ್ಲ.

“ಅತ್ತೆ, ಬೆಲ್ಲ?” ಎಂದೆ.

ಅವಳು ನನ್ನ ಕಡೆ ತಿರುಗದೆ, ಆ ಬೊಚ್ಚು ಬಾಯಿಯಲ್ಲಿ ಹೇಳಿದಳು: “ಬೇಡ್ವೇ. ಹಲ್ಲು ನೋವು.”