ಪಾರ್ವತಿ ಮುಂದೆ ಬರಬೇಕು

ನುಣುಪಾದ ಬಣ್ಣದ ಕಾಗದ ಅಚ್ಚಿನ ಮನೆಯಿಂದ ಹೊಸದಾಗಿ ಬಂದಾಗ ಅದಕ್ಕೊಂದು ವಾಸನೆ ಇರುತ್ತದೆ. ಅರ್ಧ ಸೀಮೆಎಣ್ಣೆ, ಅರ್ಧ ಕೊಳೆಯಲು ಹೊರಟ ಹಣ್ಣು. ಮೊನ್ನೆ ನನ್ನ ಅಣ್ಣನ ಮಗಳು ಮೇಘನಾ ಅಂಥದೊಂದು ಮಡಿಸಿದ ಕಾಗದವನ್ನು ಊಟದ ಮೇಜಿನ ಮೇಲೆ ಬಿಟ್ಟು ಎದ್ದಳು. ಅವಳು ಶಿರಸಿಯಲ್ಲೇ ಕೂತು, ತಾನು ಕಣ್ಣಿಂದ ನೋಡಿರದ ಯಾವುದೋ ಕಂಪನಿಗೆ ಪ್ರೋಗ್ರಾಮ್ ಬರೆಯುವವಳು.

“ಅತ್ತೆ, ಬೇಕಾದ್ರೆ ಓದು. ಸಾಫ್ಟ್‌ವೇರ್ ಬರೆಯವ್ಕೆ ಮುಂದೆ ಎಲ್ಲೆಲ್ಲಿ ಟ್ರೇನಿಂಗು, ಎಲ್ಲೆಲ್ಲಿ ಕಾನ್ಫರೆನ್ಸು ಹೇಳಿ ಎಲ್ಲ ಇದ್ದು” ಎಂದಳು.

ಓದಿದೆ. ಬೆಂಗಳೂರು, ಪುಣೆ, ಹೈದರಾಬಾದು, ಮತ್ತೆ ಬೆಂಗಳೂರು. ನಾನು ಅದನ್ನು ಓದುವುದಕ್ಕಿಂತ ಹೆಚ್ಚು ಮೂಸಿದೆ ಎಂದರೆ ನೀವು ನಗಬಾರದು. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಆ ವರ್ಷಗಳಲ್ಲಿ ನಾನೂ ನಾಗವೇಣಿಯೂ ಹೀಗೇ ಮೂಸುತ್ತಿದ್ದೆವು. ಶಿರಸಿ ಪೇಟೆಯ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ನಾವಿಬ್ಬರೂ ಅಕ್ಕೋರುಗಳು. ಟೀಚರಮ್ಮನನ್ನು ನಮ್ಮ ಕಡೆ ಹಾಗೆ ಕರೆಯುವುದು. ಸೆಂಟರಿಗೆ ತಿಂಗಳಿಗೊಂದು ಇಂಗ್ಲಿಷ್ ಕಂಪ್ಯೂಟರ್ ಪತ್ರಿಕೆ ಅಂಚೆಯಲ್ಲಿ ಬರುತ್ತಿತ್ತು. ಅದರ ಕೊನೆಯ ಪುಟದಲ್ಲಿ ‘ಮುಂಬರುವ ತರಬೇತಿಗಳು, ಸಮ್ಮೇಳನಗಳು’ ಎಂಬ ಪಟ್ಟಿ. ಪತ್ರಿಕೆ ಎಲ್ಲೆಲ್ಲೋ ತಿರುಗಿ ನಮ್ಮ ಕೈಗೆ ಬರುವಷ್ಟರಲ್ಲಿ ಮುಂಬರುವುದೆಲ್ಲ ಹಿಂದೆ ಹೋಗಿರುತ್ತಿತ್ತು. ಮುಗಿದ ಮದುವೆಯ ಕರೆಯೋಲೆ ಓದಿದ ಹಾಗೆ ನಾವು ಅದನ್ನು ಓದುತ್ತಿದ್ದೆವು. ಯಾರು ಏನು ಮಾತಾಡಿರಬಹುದು, ಎಷ್ಟು ಜನ ಬಂದಿರಬಹುದು, ಊಟಕ್ಕೆ ಏನಿದ್ದಿರಬಹುದು. ಈ ಕೊನೆಯ ಪ್ರಶ್ನೆ ಯಾವಾಗಲೂ ನನ್ನದು.

ನಾಗವೇಣಿ ಸಿದ್ದಾಪುರದ ಕಡೆಯವಳು. ಗದ್ದೆ ಮನೆತನ, ಬಿ.ಎಸ್ಸಿ.ಯಲ್ಲಿ ಗಣಿತ ಓದಿದವಳು, ನನಗಿಂತ ತುಸು ಚಿಕ್ಕವಳು. ತೆಳ್ಳಗೆ, ಎತ್ತರಕ್ಕೆ ಇದ್ದಳು. ನಿಂತರೆ ಬೇಗ ಕೂರುವ ಅಭ್ಯಾಸವಿರಲಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ನಡೆದದ್ದೆಲ್ಲ ಅವಳು ಒಂದು ಕಡೆ ಎದ್ದು ನಿಂತು ಕೂರದೇ ಹೋದದ್ದರಿಂದ.

ಅವಳ ಊರಿನ ಹೈಸ್ಕೂಲಿನ ಹೆಡ್‌ಮಾಸ್ತರರಿಗೆ ಮಕ್ಕಳ ಹೆಸರುಗಳು ಕನ್ನಡದಲ್ಲಿ, ಅಕಾರಾದಿಯಾಗಿ ಬೇಕಿದ್ದವು. ಮಾಡಿಕೊಡುತ್ತೇನೆಂದು ಇವಳು ಒಪ್ಪಿಕೊಂಡಳು. ಆಗಿನ ಕಂಪ್ಯೂಟರಿಗೆ ಕನ್ನಡದ ಅಕ್ಷರಗಳು ಅಕ್ಷರಗಳಾಗಿರಲಿಲ್ಲ, ಬರೀ ಚಿತ್ರಗಳು. ಕಣ್ಣಿಗೆ ಯಾವುದು ಮೊದಲು ಕಾಣುತ್ತದೋ ಅದನ್ನೇ ಅದು ಮೊದಲು ಓದುತ್ತಿತ್ತು. ‘ಪಾರ್ವತಿ’ ಎಂದು ಬರೆದು ನೋಡಿ. ನಾವು ರ್ ಎಂದು ಮೊದಲು ಉಚ್ಚರಿಸುತ್ತೇವೆ, ಆದರೆ ಅದರ ಅರ್ಕಾವೊತ್ತು ವ ಆದ ಮೇಲೆ ಕೂರುತ್ತದೆ. ಕಂಪ್ಯೂಟರು ಅದನ್ನು ‘ಪಾವ’ ಎಂದೇ ಹಿಡಿದು, ಪಾಲಾಕ್ಷನನ್ನು ಮುಂದೆ ಬಿಟ್ಟು, ಪಾರ್ವತಿಯನ್ನು ಅವನ ಹಿಂದೆ ತಳ್ಳುತ್ತಿತ್ತು. ನ್ಯಾಯವಾಗಿ ರ ಮೊದಲು, ಲ ಆಮೇಲೆ.

“ಪಾರ್ವತಿ ಮುಂದೆ ಬರಬೇಕು ಅಕ್ಕಾ” ಎಂದು ನಾಗವೇಣಿ ಆ ತಿಂಗಳಿಡೀ ಹೇಳಿದಳು. ಚಹಾ ಕುಡಿಯುವಾಗ ಹೇಳಿದಳು, ಬಸ್ ಸ್ಟ್ಯಾಂಡಿನಲ್ಲಿ ಹೇಳಿದಳು. ಪಕ್ಕದಲ್ಲಿ ನಿಂತವರು ಇದು ಯಾರದೋ ಮನೆಯ ಆಸ್ತಿ ವ್ಯಾಜ್ಯ ಎಂದುಕೊಂಡಿರಬೇಕು.

ಆ ಹೊತ್ತಿಗೆ ಪತ್ರಿಕೆ ಒಮ್ಮೆ ದಾರಿತಪ್ಪಿ ಬೇಗ ಬಂತು. ಬೆಂಗಳೂರಿನಲ್ಲಿ ಪ್ರೋಗ್ರಾಮ್ ಬರೆಯುವವರ ಸಮ್ಮೇಳನ, ಅದೂ ಇನ್ನೂ ನಡೆಯದೇ ಇದ್ದದ್ದು! ಭಾರತೀಯ ಭಾಷೆಗಳ ಮೇಲೂ ಒಂದು ಉಪನ್ಯಾಸವಿತ್ತು. ಇಬ್ಬರೂ ರಜೆ ಹಾಕಿ ಹೊರಟೆವು. ನಾನು ನನ್ನ ಒಳ್ಳೆಯ ಮೈಸೂರು ಸಿಲ್ಕ್ ಉಟ್ಟಿದ್ದೆ. ಅಲ್ಲಿ ಎಲ್ಲರೂ ಜೀನ್ಸ್ ಪ್ಯಾಂಟಿನಲ್ಲಿದ್ದರು. ಸೀರೆಯನ್ನು ಆಗ ಎಲ್ಲಿ ಬಚ್ಚಿಡುವುದು, ಹೇಳಿ.

ಹೋಟೆಲಿನ ಬಾಗಿಲಲ್ಲಿ ಎದೆಗೆ ಸಿಕ್ಕಿಸುವ ಚೀಟಿ ಬರೆಯುತ್ತಿದ್ದ ಹುಡುಗಿ ಕೇಳಿದಳು, “ಯಾವ ಕಂಪನಿ?”

“ಶಿರಸಿ” ಎಂದೆ ನಾನು.

“ಶಿರಸಿ ಸಿಸ್ಟಮ್ಸಾ? ಶಿರಸಿ ಇನ್ಫೋಟೆಕ್ಕಾ?”

“ಬರೀ ಶಿರಸಿ” ಎಂದಳು ನಾಗವೇಣಿ.

ಆ ಹುಡುಗಿ ಪಾಪ, ಹಾಗೆಯೇ ಬರೆದುಕೊಟ್ಟಳು. ದಿನವಿಡೀ ನಾವು ಬರೀ ಶಿರಸಿ ಎಂಬ ಕಂಪನಿಯವರಾಗಿ ಹಿಂದಿನ ಸಾಲಿನಲ್ಲಿ ಕೂತೆವು.

ಭಾಷೆಗಳ ಬಗ್ಗೆ ಮಾತಾಡಿದವರು ಚೆನ್ನಾಗಿಯೇ ಮಾತಾಡಿದರು. ಕೊನೆಗೆ ಪ್ರಶ್ನೆ ಕೇಳಿ ಎಂದರು. ನಾಗವೇಣಿ ಎದ್ದಳು. ಕನ್ನಡದಲ್ಲೇ ಕೇಳಿದಳು. “ಸರ್, ನಮ್ಮ ಕಂಪ್ಯೂಟರ್ ಪಾರ್ವತಿಯನ್ನ ಪಾಲಾಕ್ಷನ ಹಿಂದೆ ನಿಲ್ಲಿಸ್ತದೆ. ಅವಳು ಮುಂದೆ ಬರಬೇಕು. ಹೇಗೆ ತರೋದು?”

ಸಭೆ ಗೊಳ್ಳೆಂದಿತು. ಉಪನ್ಯಾಸ ಕೊಟ್ಟವರೂ ನಕ್ಕು, “ಮೇಡಮ್, ಇವೆಲ್ಲ ಸಣ್ಣ ಊರಿನ ತೊಂದರೆಗಳು. ಹೆಸರುಗಳನ್ನ ಇಂಗ್ಲಿಷಿನಲ್ಲಿ ಹಾಕಿಬಿಡಿ. ಸರಿಯಾಗ್ತದೆ” ಎಂದರು.

ನನಗೆ ಆ ಕುರ್ಚಿಯ ಕೆಳಗೆ ಹೋಗಿ ಕೂರೋಣ ಎನಿಸಿತು. ನಾಗವೇಣಿಯ ಸೆರಗು ಹಿಡಿದು ಜಗ್ಗಿದೆ. ಅವಳು ಕೂರಲಿಲ್ಲ.

“ಇಂಗ್ಲಿಷಿನಲ್ಲೂ ಪಾಲಾಕ್ಷನೇ ಮುಂದೆ ಬರ್ತಾನೆ ಸರ್. ಎಲ್ ಮೊದಲು, ಆರ್ ಆಮೇಲೆ.”

ನಗು ನಿಂತಿತು. ಅವರು ನೀರಿನ ಲೋಟಕ್ಕೆ ಕೈ ಹಾಕಿದರು.

“ಹಾಗಾದ್ರೆ ನಿಮಗೆ ಉತ್ತರ ಗೊತ್ತಿಲ್ಲ ಅಂತ ಬರಕೊಳ್ಳಲಾ?” ಎಂದು ಕೇಳಿ, ಅವರು ಉತ್ತರಿಸುವುದನ್ನು ಸಾಕಷ್ಟು ಹೊತ್ತು ನಿಂತೇ ಕಾದು, ಆಮೇಲೆ ಕೂತಳು. ಊಟ ಚೆನ್ನಾಗಿತ್ತಂತೆ. ನಾವು ಉಣ್ಣದೇ ಬಂದೆವು.

ಮರಳುವ ಬಸ್ಸು ಹಾವೇರಿ ದಾಟಿತು. ನಾಗವೇಣಿ ಕಿಟಕಿಯಾಚೆ ನೋಡುತ್ತಲೇ, “ನಾವೇ ಕರೆಯುವ ಅಕ್ಕಾ” ಎಂದಳು.

“ಯಾರನ್ನ?”

“ಎಲ್ಲರನ್ನೂ. ಸಮ್ಮೇಳನ ಅಂದ್ರೆ ಎಂತ? ಒಂದು ಹಾಲ್, ಒಂದು ಕಂಪ್ಯೂಟರು, ಗೊತ್ತಿಲ್ಲ ಅಂತ ಒಪ್ಪಿಕೊಳ್ಳುವ ನಾಲ್ಕು ಜನ.”

ಸಾಫ್ಟ್‌ವೇರ್ ಜಗತ್ತಿನಲ್ಲಿ ಈ ಕೊನೆಯವರು ಸಿಗುವುದೇ ಕಷ್ಟ ಎಂದು ನನಗೆ ಆಗ ತಿಳಿದಿರಲಿಲ್ಲ. ನಾನು ಹೂಂ ಎಂದೆ.

ಜಾಗ ಮಂಚಿಕೇರಿ ಎಂದು ನಿಶ್ಚಯವಾಯಿತು. ಶಿರಸಿಯವರಿಗೂ ಯಲ್ಲಾಪುರದವರಿಗೂ ನಡುವೆ ಬೀಳುತ್ತದೆ, ನಾಟಕವಾಡುವ ಒಂದು ಹಾಲ್ ಕೇಳಿದರೆ ಕೊಡುತ್ತಾರೆ. ಸಿದ್ದಾಪುರದವರಿಗೆ ದೂರವಾಯಿತು ಎಂದು ಗೊಣಗಬೇಕಾದವಳು ನಾಗವೇಣಿ ಒಬ್ಬಳೇ, ಅವಳೇ ಆರಿಸಿದ್ದು. ಕಾಲೇಜುಗಳ ನೋಟಿಸ್ ಬೋರ್ಡಿಗೆ ಕೈಬರಹದ ಹಾಳೆ ಅಂಟಿಸಿದೆವು. ‘ಮುಂಬರುವ ಸಮ್ಮೇಳನ’ ಎಂದು ನಾನೇ ತಲೆಬರಹ ಬರೆದು, ಕೆಳಗೆ ‘ಶನಿವಾರ’ ಎಂದು ಹಾಕಿ ಅದರಡಿಗೆ ಎರಡು ಗೆರೆ ಎಳೆದೆ.

ಹಾಳೆ ನಮ್ಮ ಸೆಂಟರಿನ ಮಾಲೀಕರ ಕಣ್ಣಿಗೂ ಬಿತ್ತು. ಕೆಟ್ಟವರೇನಲ್ಲ, ಆದರೆ ಬಾಗಿಲ ಮೇಲಿನ ಬೋರ್ಡಿಗಿಂತ ದೊಡ್ಡದನ್ನು ಯಾರೂ ಯೋಚಿಸಬಾರದು ಎನ್ನುವವರು. ಇಬ್ಬರನ್ನೂ ಕರೆಸಿದರು.

“ನಿಮ್ಮ ಕೆಲಸ ಟೈಪಿಂಗ್ ಕಲಿಸೋದು. ಸಮ್ಮೇಳನ ಗಿಮ್ಮೇಳನ ದೊಡ್ಡ ಊರಿನವರು ಮಾಡ್ಕೊಳ್ತಾರೆ. ಶನಿವಾರ ಕ್ಲಾಸ್ ಇದೆ. ಬರದೇ ಇದ್ರೆ ಸೋಮವಾರನೂ ಬರೋದು ಬೇಡ.”

ಮನೆಯಲ್ಲಿ ನನ್ನ ಸಂಬಳಕ್ಕೆ ಕೆಲಸವಿತ್ತು. ಅವಳ ಮನೆಯಲ್ಲೂ ಇತ್ತು, ಬಹುಶಃ ಹೆಚ್ಚೇ ಇತ್ತು. ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತೆವು. “ನೀವು ಶನಿವಾರ ಕ್ಲಾಸ್ ತಗಳಿ ಅಕ್ಕಾ, ಮಂಚಿಕೇರಿಗೆ ನಾನು ಹೋಗ್ತೆ” ಎಂದಳು. ಬೆಂಗಳೂರಿನಲ್ಲಿ ಸೆರಗು ಜಗ್ಗಿದವಳು ನಾನೇ ಆದ್ದರಿಂದ ಈ ಮಾತು ಸರಿಯಾದ ಜಾಗಕ್ಕೇ ನಾಟಿತು. “ಸುಮ್ನಿರೇ ಮಾರಾಯ್ತಿ. ಸೀರೆ ಯಾವುದು ಉಡ್ತೆ ಹೇಳು” ಎಂದೆ.

ಅಮ್ಮನಿಗೆ ಹೇಳಿದಾಗ ಅವಳು ಕೇಳಿದ್ದಿಷ್ಟೇ: “ಅಷ್ಟು ಜನ ಬತ್ತ ಹೇಳಾದ್ರೆ ಊಟಕ್ಕೆ ಎಂತ ಇದ್ದು?” ನಾನು ಯಾರ ಮಗಳೆಂದು ನಿಮಗೀಗ ತಿಳಿಯಿತಲ್ಲ.

ಶನಿವಾರ ಬೆಳಿಗ್ಗೆ ಎರವಲು ತಂದ ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ, ಟೆಂಪೋದಲ್ಲಿ ಮಗುವಿನಂತೆ ಹಿಡಿದುಕೊಂಡು ಮಂಚಿಕೇರಿಗೆ ತಂದೆವು. ಜನ ಬಂದಿದ್ದರು! ಕಾಲೇಜಿನ ಹುಡುಗಿಯರು, ತಮ್ಮ ಮಟ್ಟಿಗೆ ಪ್ರೋಗ್ರಾಮ್ ಬರೆದುಕೊಂಡಿದ್ದ ಬ್ಯಾಂಕಿನವರು, ಯಲ್ಲಾಪುರದ ಒಬ್ಬರು ಕನ್ನಡ ಮೇಷ್ಟ್ರು, ಬನವಾಸಿ ಕಡೆಯಿಂದ ಪ್ರೆಸ್ಸಿನ ಬಸಣ್ಣ. ಬಸಣ್ಣ ಬಾಗಿಲಲ್ಲೇ, “ನಮ್ಮ ಪ್ರೆಸ್ಸಿನ್ಯಾಗೂ ಇದ ಗೋಳ್ರೀ ಅಕ್ಕೋರ. ಬಗೀಹರಸ್ರಿ, ಪುಣ್ಯಾ ಬರ್ತದ” ಎಂದ. ಹಿಂದಿನ ವಾರ ಯಾವುದೋ ನಾಟಕಕ್ಕೆ ಕಟ್ಟಿದ ಅರಮನೆ ತೋಟದ ಪರದೆ ರಂಗದ ಮೇಲೆ ಹಾಗೇ ಇತ್ತು. ಅದರ ಮುಂದೆ ಕಂಪ್ಯೂಟರ್ ಇಟ್ಟು, ಸ್ವಿಚ್ ಹಾಕಿ, ನಾಗವೇಣಿ ಗಂಟಲು ಸರಿಮಾಡಿಕೊಂಡಳು. ಕರೆಂಟು ಹೋಯಿತು.

ಸಭೆಯಲ್ಲಿ ಯಾರೂ ಅಚ್ಚರಿಪಡಲಿಲ್ಲ. ಅಚ್ಚರಿಪಡುವಂಥವರು ನಮ್ಮ ಸೀಮೆಯಲ್ಲಿ ಇರಲಿಲ್ಲ. ಆದರೆ ಎಷ್ಟು ಕಾದರೂ ಕರೆಂಟು ಬರಲಿಲ್ಲ. ಒಬ್ಬರು ಎದ್ದು ಚಪ್ಪಲಿ ಹುಡುಕತೊಡಗಿದರು. ಮಾಲೀಕರ ಮುಖ ನನ್ನ ಕಣ್ಣಮುಂದೆ ಬಂತು.

ನಾಗವೇಣಿ ರಂಗದ ತುದಿಗೆ ಬಂದು ಹೇಳಿದಳು. “ಕಂಪ್ಯೂಟರ್ ಇಲ್ಲದಿದ್ರೆ ಎಂತ, ನಾವು ಇದ್ದೇವಲ್ಲ. ಮೇಲೆ ಬನ್ನಿ. ಇವತ್ತು ನೀವೇ ಅಕ್ಷರ.”

ಒಬ್ಬಳು ಹುಡುಗಿ ಪಾ ಆದಳು, ಮೇಷ್ಟ್ರು ವ ಆದರು, ಇನ್ನೊಬ್ಬಳು ತಿ. ಅರ್ಕಾವೊತ್ತು ಯಾರಾಗುತ್ತೀರಿ ಎಂದರೆ ಬಸಣ್ಣ ಹೊಟ್ಟೆ ಹೊತ್ತುಕೊಂಡು ಮುಂದೆ ಬಂದ. ಕಂಪ್ಯೂಟರ್ ಕಂಡಂತೆ ಸಾಲು ನಿಂತರು: ಪಾ, ವ, ಬಸಣ್ಣ, ತಿ. “ಈಗ ಬಸಣ್ಣನವರು ಒಂದು ಅಕ್ಷರ ದಾಟಿ ಎಡಕ್ಕೆ ಬರಬೇಕು” ಎಂದಳು. ಬಂದ. ಪಾರ್ವತಿ ಸರಿಯಾದಳು. ಚಪ್ಪಾಳೆ ಬಿತ್ತು, ಚಪ್ಪಲಿ ಹುಡುಕುತ್ತಿದ್ದವರೂ ಕೂತರು. ಅಷ್ಟರಲ್ಲಿ ಮೇಷ್ಟ್ರು ವ ಆಗಿ ನಿಂತಲ್ಲಿಂದಲೇ ಕೇಳಿದರು: “ತಂಗೀ, ‘ಅರ್ಘ್ಯ’ ಬಂದರೆ?”

ನಾಗವೇಣಿ ಬೆರಳಿನಿಂದ ಗಾಳಿಯಲ್ಲೇ ಬರೆದು ನೋಡಿದಳು. ಘ ಇದೆ, ಅದರಡಿಗೆ ಯ ಒತ್ತು ಇದೆ, ಅರ್ಕಾವೊತ್ತು ಅದರಾಚೆ. ಒಂದು ಅಕ್ಷರ ದಾಟಿದರೆ ಬಸಣ್ಣ ಘಕ್ಕೂ ಒತ್ತಿಗೂ ನಡುವೆ ಸಿಕ್ಕಿಕೊಳ್ಳುತ್ತಾನೆ. ಅವಳು, “ಗೊತ್ತಿಲ್ಲ ಸರ್. ನೋಡುವ” ಎಂದಳು. ನಾನು ಆ ದಿನದಿಂದ ಇವತ್ತಿನವರೆಗೆ ಹಲವು ಉಪನ್ಯಾಸ ಕೇಳಿದ್ದೇನೆ, ಆ ಎರಡು ಮಾತಿನಷ್ಟು ದೊಡ್ಡದನ್ನು ಕೇಳಿಲ್ಲ. ಆಮೇಲೆ ಎಲ್ಲರೂ ಅಲ್ಲಿ ಇಲ್ಲಿ ಓಡಾಡಿದರು, ಕೂಗಿದರು, ಒಬ್ಬರನ್ನೊಬ್ಬರು ತೋಳು ಹಿಡಿದು ಎಳೆದರು. ಕಡೆಗೆ ಹಿಂದಿನ ಸಾಲಿನ ಬ್ಯಾಂಕಿನವರೊಬ್ಬರು, “ಒತ್ತು, ಗುಣಿತದ ಚಿಹ್ನೆ ಎಷ್ಟಿದ್ರೂ ದಾಟಲಿ. ಪೂರ್ತಿ ಅಕ್ಷರ ಸಿಕ್ಕಿದ ಮೇಲೆ ಅದನ್ನೂ ದಾಟಿ ನಿಲ್ಲಲಿ” ಎಂದರು. ಬಸಣ್ಣನನ್ನು ಹಾಗೆ ನಡೆಸಿದರು. ಪ್ರತಿ ಸಲವೂ ಸರಿಯಾದ ಜಾಗದಲ್ಲೇ ನಿಂತ. ನಾಗವೇಣಿ ಸೀಮೆಸುಣ್ಣದಿಂದ ಆ ನಿಯಮವನ್ನು ರಂಗದ ಹಲಗೆಯ ಮೇಲೇ ಬರೆದಳು.

ಊಟದ ಹೊತ್ತಿಗೆ ಬೇರೆ ಜಗಳ ಹತ್ತಿಕೊಂಡಿತು. ಕ್ಷ ಎಲ್ಲಿ ನಿಲ್ಲಬೇಕು? “ಕೊನೀಗ್ರೀ. ಸಾಲ್ಯಾಗ ಹಂಗ ಕಲ್ತೇವಿ” ಎಂದ ಬಸಣ್ಣ. ನಿಘಂಟಿನಲ್ಲಿ ಅದು ಕಕಾರದಲ್ಲೇ ಇದೆ ಎಂದರು ಮೇಷ್ಟ್ರು. ಅಮ್ಮ ಕಳಿಸಿದ್ದ ಕೇಸರಿಬಾತು ಆರಿ ಹೋಯಿತು, ಯಾರೂ ಸೋಲಲಿಲ್ಲ. ಪ್ರೋಗ್ರಾಮ್ ಶುರುವಾಗುವಾಗಲೇ ‘ಕ್ಷ ಎಲ್ಲಿರಬೇಕು?’ ಎಂದು ಕೇಳಿಬಿಡುತ್ತೇನೆ, ಅವರವರ ಇಷ್ಟ, ಎಂದು ನಾಗವೇಣಿ ತೀರ್ಪು ಕೊಟ್ಟಳು.

ಮಧ್ಯಾಹ್ನದ ಚಹಾಕ್ಕೆ ಕರೆಂಟು ಬಂತು. ಅವಳು ಹಲಗೆಯ ಮೇಲಿನದನ್ನು ನೋಡಿ ನೋಡಿ ಟೈಪು ಮಾಡಿದಳು. ಎಲ್ಲರೂ ಅವಳ ಹೆಗಲ ಮೇಲೆ ಬಗ್ಗಿದ್ದರು. ಮೊದಲ ಸಲ ತಪ್ಪು. ಎರಡನೆಯ ಸಲ ಕಂಪ್ಯೂಟರಿನ ಪರದೆಯ ಮೇಲೆ ಪಾರ್ವತಿ ಬಂದಳು, ಅವಳ ಹಿಂದೆ ಪಾಲಾಕ್ಷ. ಬಸಣ್ಣ ಯಾರದೋ ಬೆನ್ನಿಗೆ ಗುದ್ದಿದ. ಅದು ಮೇಷ್ಟ್ರ ಬೆನ್ನು.

ಸೋಮವಾರ ಸೆಂಟರಿಗೆ ಹೋದೆವು. ನಮ್ಮ ಕುರ್ಚಿಗಳಲ್ಲಿ ಬೇರೆಯವರಿದ್ದರು. ಮಾಲೀಕರು ಹೇಳಿದಂತೆ ನಡೆದುಕೊಳ್ಳುವ ಮನುಷ್ಯ. ನಾಗವೇಣಿ ಮೇಜಿನ ಖಾನೆಯಿಂದ ತನ್ನ ಬಾಚಣಿಗೆ ತೆಗೆದುಕೊಂಡು, “ಬರ್ತೇವೆ ಸರ್. ಪಾರ್ವತಿ ಮುಂದೆ ಬಂದಳು” ಎಂದಷ್ಟೇ ಹೇಳಿ ಇಳಿದಳು. ಆ ವರ್ಷ ಕಷ್ಟವಾಯಿತು, ಸುಳ್ಳು ಹೇಳುವುದಿಲ್ಲ. ನಾನು ಮನೆಯ ಜಗಲಿಯಲ್ಲಿ ಕ್ಲಾಸು ತೆಗೆದೆ, ಅವಳು ಸಿದ್ದಾಪುರ ಪೇಟೆಯಲ್ಲಿ ಒಂದು ಕೋಣೆ ಹಿಡಿದಳು. ಸಮ್ಮೇಳನ ಮಾತ್ರ ಮುಂದೆಯೂ ನಡೆಯಿತು, ಒಂದು ಸಲ ಯಲ್ಲಾಪುರ, ಒಂದು ಸಲ ಸೋಂದಾ. ಆಮೇಲೆ ಕನ್ನಡಕ್ಕೆ ಎಲ್ಲ ಕಡೆ ನಡೆಯುವ, ಉಚ್ಚರಿಸುವ ಕ್ರಮದಲ್ಲೇ ಅಕ್ಷರ ಇಡುವ ಒಂದೇ ಲಿಪಿಸಂಕೇತ ಬಂತು, ಪಾರ್ವತಿ ತಾನಾಗಿ ಮುಂದೆ ನಿಂತಳು. ಇನ್ನು ನಾವು ಯಾಕೆ ಎಂದು ಸಮ್ಮೇಳನ ನಿಲ್ಲಿಸಿದೆವು. ಅದಾಗಿ ವರ್ಷಗಳೇ ಆದವು.

ಇಷ್ಟನ್ನು ನೆನೆಯುತ್ತ ಕೂತವಳನ್ನು ಮೇಘನಾ ಬಂದು ಎಚ್ಚರಿಸಿದಳು. ಫೋನು ನನ್ನ ಬಾಯಿಗೆ ಹಿಡಿದು, “ಅತ್ತೆ, ಎಂತಾದ್ರೂ ಮಾತಾಡು. ಅದೇ ಬರ್ಕತ್ತು” ಎಂದಳು.

“ಆನು ನಾಳೆ ಬತ್ತಿಲ್ಲೆ” ಎಂದೆ, ನಾನು ನಾಳೆ ಬರುವುದಿಲ್ಲ ಎನ್ನುವುದನ್ನು ನಮ್ಮ ಮನೆಮಾತಿನಲ್ಲಿ.

ಫೋನು ಬರೆಯಿತು: ‘ಅನು ನಾಳೆ ಬತ್ತಿ ಇಲ್ಲೇ’.

ಮೇಘನಾ ನಕ್ಕಳು. “ಹಂಗಲ್ಲ ಅತ್ತೆ. ಪುಸ್ತಕದ ಕನ್ನಡದಲ್ಲಿ ಮಾತಾಡು, ಸರಿಯಾಗ್ತು.”

ಸರಿಯಾಗ್ತದೆ! ಈ ಮಾತನ್ನು ನಾನು ಒಮ್ಮೆ ಕೇಳಿದ್ದೆ, ಕುರ್ಚಿಯ ಕೆಳಗೆ ಹೋಗಬೇಕೆನಿಸುವ ಹಾಗೆ ಕೇಳಿದ್ದೆ. ಈ ಸಲ ಕುರ್ಚಿಯಿಂದ ಎದ್ದವಳು ನಾನು.

“ಅದಕ್ಕೆ ಬತ್ತಿಲ್ಲೆ ಅಂದ್ರೆ ಅದು ಕಲಿಯವು. ಆನು ಎಂತಕ್ಕೆ ಬದಲಾಗವು?”

ಕಲಿಯಬೇಕಾದದ್ದು ಅದು, ನಾನಲ್ಲ ಎಂದ ನನ್ನನ್ನು ಮೇಘನಾ ಹೊಸಬಳನ್ನು ನೋಡಿದಂತೆ ನೋಡಿದಳು. ನಾನು ಸಿದ್ದಾಪುರಕ್ಕೆ ಫೋನು ಹಚ್ಚಿದೆ. ನಾಗವೇಣಿಗೆ ವಿಷಯ ಹೇಳಿ ಮುಗಿಸುವಷ್ಟರಲ್ಲೇ, “ನಮ್ಮ ಮನೆ ಮಾತೂ ಅದಕ್ಕೆ ತಿಳಿಯೂದಿಲ್ಲ ಅಕ್ಕಾ. ನಾನೂ ನೋಡಿದೆ” ಎಂದಳು. “ಹಾಗಾದ್ರೆ ಮತ್ತೊಂದು ಸಮ್ಮೇಳನ ಕರೆಯುವ ಮಾರಾಯ್ತಿ” ಎಂದೆ ನಾನು. ಬಸಣ್ಣನಿಗೆ ಹೇಳುವ ಕೆಲಸ ನನಗೆ ಬಿತ್ತು. ಜಾಗ ಎಲ್ಲಿ ಎಂದು ಕೇಳಿದೆ.

“ಸಿದ್ದಾಪುರ. ಈ ಸಲ ನಾವು ಎಲ್ಲಿಗೂ ಹೋಗೂದಿಲ್ಲ. ಬೆಂಗಳೂರಿನವರಿಗೆ ಕಲಿಯೂದಿದ್ರೆ ಬಸ್ ಹತ್ತಿ ಬರಲಿ” ಎಂದಳು ನಾಗವೇಣಿ.