ಇಡೀ ಕ್ಲಾಸಿಗೆ ಬಸ್ಕಿ

ಗೆಳೆಯರೇ, ಈ ಎಂಬತ್ತರ ದಶಕ ಕಾದು ಕುಳಿತಿದ್ದ ಶೈಕ್ಷಣಿಕ ಕ್ರಾಂತಿ ಇಂದು ಬೆಳಿಗ್ಗೆ ಟಿ. ನರಸೀಪುರದ ಪಕ್ಕದ ನಮ್ಮ ಹಳ್ಳಿಶಾಲೆಯಲ್ಲಿ ನಡೆದುಹೋಯಿತೆಂದು ಘೋಷಿಸಲು ಹರ್ಷಿಸುತ್ತೇನೆ. ಮಗ್ಗಿ ಹೇಳುತ್ತಲೇ ತೂಕಡಿಸುತ್ತಿದ್ದ ನನ್ನ ಎರಡನೇ ಕ್ಲಾಸನ್ನು ಎಬ್ಬಿಸಿ, ನಿದ್ದೆ ಬಿಡಲೆಂದು ಬಸ್ಕಿ ಹೊಡೆಸಿದೆ. ಕಿವಿ ಹಿಡಿಯುವುದು ಬೇಡ ಎಂದಿದ್ದೆ. ಅಭ್ಯಾಸಬಲ ನೋಡಿ, ಎಲ್ಲರೂ ಹಿಡಿದುಕೊಂಡೇ ಹೊಡೆದರು.

ಹುಲ್ಲಿನ ಹೊರೆ ಹೊತ್ತು ಹೋಗುತ್ತಿದ್ದ, ನನ್ನ ಕ್ಲಾಸಿನ ಪುಟ್ಟಿಯ ತಾಯಿ ಮಾದಮ್ಮ ಕಿಟಕಿಯಲ್ಲಿ ಇಣುಕಿದರು. ಹೊರೆ ಧೊಪ್ಪೆಂದು ಕೆಳಗೆ ಬಿತ್ತು.

"ಏನ್ ಸಾ, ಇಡೀ ಕಿಲಾಸ್ಗೇ ಬಸ್ಕಿನಾ? ಅಂತಾದ್ದೇನ್ ತಪ್ ಮಾಡುದ್ವು ಈ ಮಕ್ಳು? ಬಾಮ್ಮಿ ಪುಟ್ಟಿ, ಈ ಇಸ್ಕೂಲೇ ಬ್ಯಾಡ!"

"ಇದು ವ್ಯಾಯಾಮ ಕಣಮ್ಮ, ಮೈಯಾಡಿದ್ರೆ ಪಾಠ ತಲೆಗೆ ಹತ್ತುತ್ತೆ" ಎಂದೆ. ನನ್ನ ಮಾತು ಕಿಟಕಿಯ ಸರಳನ್ನೂ ದಾಟಲಿಲ್ಲ.

ಪುಟ್ಟಿಗೆ ಅಳುವೇ ಬಂತು. "ನಾ ಬರಾಕಿಲ್ಲ ಓಗವ್ವ! ಇದು ಆಟ. ತಪ್ ಮಾಡ್ದೋಳು ಆ ಮೂಲೇಲವ್ಳೆ ನೋಡು!"

ಮೂಲೆಯಲ್ಲಿ ಕೆಂಪಿ ಕುಳಿತಿದ್ದಳು. ಪಕ್ಕದವಳ ಸ್ಲೇಟು ಒರೆಸಿಹಾಕಿದ್ದಕ್ಕೆ ಅವಳಿಗೆ ಸುಮ್ಮನೆ ಕೂರುವ ಶಿಕ್ಷೆ ಕೊಟ್ಟಿದ್ದೆ. ಕಣ್ಣಲ್ಲಿ ನೀರು, ಬಾಯಲ್ಲಿ ಒಂದೇ ಬೇಡಿಕೆ: "ಸಾ, ನಂಗೂ ಬಸ್ಕಿ ಸಾ..."

ಮಾದಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. "ಪಾಪ, ಆ ಮಗೀಗೂ ನಾಕ್ ಬಸ್ಕಿ ಕೊಡಿ ಸಾ" ಎಂದು ಶಿಫಾರಸು ಮಾಡಿದರು. ಕೊಟ್ಟೆ. ಆಮೇಲೆ ಐದರ ಮಗ್ಗಿ ಹೆಂಚು ಹಾರುವಂತೆ ಮೊಳಗಿತು.

ಒಂದು ಸಣ್ಣ ಉಪಕಾರ ಮಾಡಿ. ಸಂಜೆ ತಲಕಾಡು ಬಸ್ಸಿನಲ್ಲಿ, ಮಾದಮ್ಮನ ಮೊದಲ ಕೂಗನ್ನಷ್ಟೇ ಕೇಳಿದವರು ಯಾರಾದರೂ ಈ ಮೇಷ್ಟರನ್ನು ರಾಕ್ಷಸ ಎಂದು ಬೈಯುತ್ತಿದ್ದರೆ, ಇಳಿಯುವ ಮೊದಲು ನಿಜ ಸಂಗತಿ ಹೇಳಿ ಇಳಿಯಿರಿ.